ಸಿಲ್ವಿಯಾ ಸ್ಲೇ ಅವರ ಭಾವಚಿತ್ರಗಳಲ್ಲಿ ಕಲಾವಿದೆಯರ ಲೋಕ

ಪಾಶ್ಚಾತ್ಯ ಚಿತ್ರಕಲೆಯ ಪರಂಪರೆಯಲ್ಲಿ ಸ್ತ್ರೀ ಬಹುಪಾಲು ರೂಪದರ್ಶಿಯಾಗಿಯೇ ಕಾಣಿಸಿಕೊಂಡಿದ್ದಾಳೆ. ಚಿತ್ರಪಟದಲ್ಲಿ ಆಕೆಯ ದೇಹ ಉಳಿದಿದೆ. ಹೆಸರು ಅನೇಕ ಸಲ ಉಳಿದಿಲ್ಲ. ಹಳೆಯ ಜಾನಪದ ಸಂಗ್ರಹಗಳಲ್ಲಿ ಹಾಡು ದಾಖಲಾಗಿ, ಹಾಡಿದವಳ ಹೆಸರು ಬಿಟ್ಟುಹೋದುದಕ್ಕೆ ಇದನ್ನು ಹೋಲಿಸಬಹುದು. ಮಹಾನ್ ಕಲಾವಿದೆಯರು ಏಕೆ ಆಗಿಹೋಗಿಲ್ಲ ಎಂಬ ಪ್ರಶ್ನೆಯನ್ನು 1971ರಲ್ಲಿ ಎತ್ತಿದ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್, ಉತ್ತರವನ್ನು ಪ್ರತಿಭೆಯ ಕೊರತೆಯಲ್ಲಿ ಹುಡುಕದೆ ಸಾಮಾಜಿಕ ಸಂಸ್ಥೆಗಳ ರಚನೆಯಲ್ಲಿ ಹುಡುಕಿದರು. ಇದೇ ಪ್ರಶ್ನೆಯನ್ನು ಅದೇ ದಶಕದಲ್ಲಿ ಕುಂಚದ ಮೂಲಕ ಎದುರಿಸಿದವರಲ್ಲಿ ಸಿಲ್ವಿಯಾ ಸ್ಲೇ ಪ್ರಮುಖರು.

1916ರಲ್ಲಿ ವೇಲ್ಸ್‌ನ ಲ್ಯಾಂಡಡ್ನೊದಲ್ಲಿ ಜನಿಸಿದ ಸ್ಲೇ, ಬ್ರೈಟನ್ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದರು. ಅವರ ಮೊದಲ ಏಕವ್ಯಕ್ತಿ ಪ್ರದರ್ಶನ 1953ರಲ್ಲಿ ಲಂಡನ್ನಿನಲ್ಲಿ ನಡೆಯಿತು. 1954ರಲ್ಲಿ ಕಲಾವಿಮರ್ಶಕ ಲಾರೆನ್ಸ್ ಅಲೊವೆ ಅವರನ್ನು ವಿವಾಹವಾಗಿ, 1961ರಲ್ಲಿ ಅಮೆರಿಕಕ್ಕೆ ತೆರಳಿದರು. ಅಮೂರ್ತ ಕಲೆ ಹಾಗೂ ಪರಿಕಲ್ಪನಾ ಕಲೆಗಳು ಮೇಲುಗೈ ಸಾಧಿಸಿದ್ದ ನ್ಯೂಯಾರ್ಕಿನಲ್ಲಿ ವಾಸ್ತವವಾದಿ ಶೈಲಿಯನ್ನು ಹಿಡಿದು ನಿಂತದ್ದು ಸುಲಭದ ಆಯ್ಕೆಯಾಗಿರಲಿಲ್ಲ. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಆಯ್ಕೆಯನ್ನು ಬಿಡಲಿಲ್ಲ.

ಸ್ಲೇ ಅವರಿಗೆ ಹೆಸರು ತಂದುಕೊಟ್ಟದ್ದು ಪುರುಷ ನಗ್ನಚಿತ್ರಗಳು. ಫ್ರೆಂಚ್ ಕಲಾವಿದ ಆಂಗ್ರ್‌ನ ‘ಟರ್ಕಿಷ್ ಬಾತ್’ ಚಿತ್ರವನ್ನು ತಿರುಗುಮುರುಗು ಮಾಡಿ ಅದೇ ಹೆಸರಿನಲ್ಲಿ 1973ರಲ್ಲಿ ರಚಿಸಿದ ಕೃತಿಯಲ್ಲಿ ಸ್ತ್ರೀಯರ ಜಾಗದಲ್ಲಿ ಪುರುಷರಿದ್ದಾರೆ. ಅಲೊವೆ, ಜಾನ್ ಪೆರೊ, ಕಾರ್ಟರ್ ರಾಟ್‌ಕ್ಲಿಫ್ ಮೊದಲಾದ ವಿಮರ್ಶಕರೇ ಇಲ್ಲಿ ರೂಪದರ್ಶಿಗಳು. ಕಲೆಯನ್ನು ನೋಡಿ ತೀರ್ಪು ನೀಡುವ ಕಣ್ಣುಗಳು ಇಲ್ಲಿ ನೋಟಕ್ಕೆ ಒಳಗಾಗುತ್ತವೆ. ಆದರೆ ಇದನ್ನು ಬರಿಯ ಸೇಡಿನ ತಲೆಕೆಳಗು ಎಂದು ಓದುವುದು ಅಪೂರ್ಣ. ಆಂಗ್ರ್‌ನ ಸ್ತ್ರೀಯರು ಒಂದೇ ಅಚ್ಚಿನವರು. ಸ್ಲೇ ಅವರ ಪುರುಷರಾದರೋ ಮೈರೋಮ, ಚರ್ಮದ ಬಣ್ಣ, ಮುಖಭಾವಗಳಲ್ಲಿ ಪ್ರತ್ಯೇಕರು, ಗುರುತಿಸಬಹುದಾದವರು. ವ್ಯಕ್ತಿಯನ್ನು ವಸ್ತುವಾಗಿಸದೆ ನೋಡುವುದು ಸಾಧ್ಯ ಎಂಬುದೇ ಈ ಚಿತ್ರದ ವಾದ.

ಈ ವಾದದ ಮುಂದುವರಿಕೆಯನ್ನು ಕಲಾವಿದೆಯರ ಭಾವಚಿತ್ರಗಳಲ್ಲಿ ಕಾಣಬೇಕು. ಗ್ಯಾಲರಿಗಳ ಬಾಗಿಲು ತಮಗೆ ತೆರೆಯದಿದ್ದಾಗ ನ್ಯೂಯಾರ್ಕಿನ ಕಲಾವಿದೆಯರು ಸಹಕಾರಿ ತತ್ವದ ಮೇಲೆ 1972ರಲ್ಲಿ ‘ಎ.ಐ.ಆರ್.’ ಹಾಗೂ 1973ರಲ್ಲಿ ‘ಸೋಹೊ 20’ ಗ್ಯಾಲರಿಗಳನ್ನು ಕಟ್ಟಿಕೊಂಡರು. ಎರಡರೊಡನೆಯೂ ಸಂಬಂಧವಿದ್ದ ಸ್ಲೇ, ಸೋಹೊ 20ರ ಸದಸ್ಯೆಯರನ್ನು 1974ರಲ್ಲಿ ಜೋಡಿ ಫಲಕಗಳಲ್ಲಿಯೂ, ಎ.ಐ.ಆರ್. ಬಳಗವನ್ನು 1977-78ರಲ್ಲಿ ಒಂದೇ ಪಟದಲ್ಲಿಯೂ ಚಿತ್ರಿಸಿದರು. ಹಿಂದಿನ ಶತಮಾನಗಳಲ್ಲಿ ಸಮೂಹ ಭಾವಚಿತ್ರವು ಪುರುಷರ ಸಂಘಗಳಿಗೂ ಅಕಾಡೆಮಿಗಳಿಗೂ ಮೀಸಲಾಗಿದ್ದ ಪ್ರಕಾರ. ಅದನ್ನು ತಮ್ಮದಾಗಿಸಿಕೊಂಡದ್ದರಿಂದ ಒಂದು ಕಾರ್ಯನಿರತ ಸ್ತ್ರೀಸಮುದಾಯಕ್ಕೆ ಸಂಸ್ಥೆಯ ಘನತೆ ಒದಗಿತು.

1976ರಿಂದ 2007ರವರೆಗೆ ರಚಿಸಿದ 36 ಇಂಚಿನ ಭಾವಚಿತ್ರಗಳ ಮಾಲೆಯು ಈ ಕಾರ್ಯವನ್ನು ಬಿಡಿಬಿಡಿಯಾಗಿ ನಡೆಸಿತು. ಹೆಲೆನ್ ಐಲಾನ್, ಹವರ್ಡೀನಾ ಪಿಂಡೆಲ್, ಸೆಲಿನಾ ಟ್ರೀಫ್ ಮೊದಲಾದ ಕಲಾವಿದೆಯರೂ ಕ್ಯಾಥರೀನ್ ಸ್ಟಿಂಪ್ಸನ್ ಅವರಂತಹ ಲೇಖಕಿಯರೂ ಇಲ್ಲಿದ್ದಾರೆ. ಅಳತೆ ಎಲ್ಲರಿಗೂ ಸಮಾನವಾದುದರಿಂದ ಪ್ರಸಿದ್ಧರು, ಅಪ್ರಸಿದ್ಧರು ಎಂಬ ಶ್ರೇಣಿ ಏರ್ಪಡುವುದಿಲ್ಲ. ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪಿಂಡೆಲ್ ಅವರು ಕಾಗದದಿಂದ ಕತ್ತರಿಸಿದ ಸಣ್ಣ ಬಿಲ್ಲೆಗಳಿಂದ ಅಮೂರ್ತ ಕೃತಿಗಳನ್ನು ಕಟ್ಟಿದವರು. ಮುಖವನ್ನು ತನ್ನ ಕಲೆಯಿಂದ ಹೊರಗಿಟ್ಟ ಕಲಾವಿದೆಯ ಮುಖವನ್ನು ವಾಸ್ತವವಾದಿ ಕಲಾವಿದೆ ದಾಖಲಿಸಿದ್ದಾರೆ. ಶೈಲಿಯ ಭಿನ್ನತೆ ಗೌರವಕ್ಕೆ ಅಡ್ಡಿಯಾಗಿಲ್ಲ.

ಆದರೆ ಈ ಗೌರವಕ್ಕೆ ಮಿತಿಯೂ ಇದೆ. ಎಲ್ಲ ಮುಖಗಳ ಮೇಲೂ ಸಮಾನವಾಗಿ ಬೀಳುವ ಬೆಳಕು, ಸಮುದಾಯದೊಳಗಿನ ಅಸಮಾನತೆಯನ್ನು ತೋರಿಸಲಾರದು. ಅದೇ ಪಿಂಡೆಲ್ 1980ರಲ್ಲಿ ‘ಫ್ರೀ, ವೈಟ್ ಆ್ಯಂಡ್ 21’ ಎಂಬ ವಿಡಿಯೊ ಕೃತಿಯಲ್ಲಿ ತಾವು ಅನುಭವಿಸಿದ ವರ್ಣಭೇದವನ್ನು ನಿರೂಪಿಸುತ್ತ, ಬಿಳಿಯ ಸ್ತ್ರೀವಾದಿಗಳ ಕಿವುಡುತನವನ್ನೂ ಬಯಲಿಗೆಳೆದರು. ಆ ಕೃತಿ ಪ್ರದರ್ಶನಗೊಂಡದ್ದು ಎ.ಐ.ಆರ್. ಗ್ಯಾಲರಿಯಲ್ಲಿಯೇ; ಆ ಪ್ರದರ್ಶನವನ್ನು ರೂಪಿಸಿದವರಲ್ಲಿ ಆನಾ ಮೆಂಡಿಯೆಟಾ, ಕಜುಕೊ ಮಿಯಾಮೊಟೊ ಅವರೊಂದಿಗೆ ಅಲಿಗಢದಲ್ಲಿ ಜನಿಸಿದ ಜರೀನಾ ಅವರೂ ಇದ್ದರು. ಸ್ಲೇ ಅವರ ಶಾಂತ ಭಾವಚಿತ್ರವನ್ನೂ ಪಿಂಡೆಲ್ ತಾವೇ ಹೇಳಿಕೊಂಡ ಕಥನವನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ಆ ಕಾಲದ ಚರಿತ್ರೆ ಪೂರ್ಣವಾಗುತ್ತದೆ. ಮತ್ತೊಬ್ಬರು ಬರೆದ ಮುಖ, ಎಷ್ಟೇ ಪ್ರೀತಿಯದಾದರೂ, ಸ್ವಂತ ದನಿಗೆ ಬದಲಿಯಾಗದು.

ವಾಸ್ತವ ವ್ಯಕ್ತಿಗಳಾಚೆಗೆ ಪುರಾಣವನ್ನೂ ಈ ಚಳವಳಿ ಮುಟ್ಟಿತು. ಇಲೀಸ್ ಗ್ರೀನ್‌ಸ್ಟೀನ್ ಪರಿಕಲ್ಪಿಸಿದ, 1978ರಲ್ಲಿ ಮೊದಲು ಪ್ರದರ್ಶಿತವಾದ ‘ಸಿಸ್ಟರ್ ಚಾಪೆಲ್’ ಯೋಜನೆಗೆ ಸ್ಲೇ ‘ಲಿಲಿತ್’ ಚಿತ್ರಿಸಿದರೆ, ಮೇ ಸ್ಟೀವನ್ಸ್ ಹದಿನೇಳನೆಯ ಶತಮಾನದ ಕಲಾವಿದೆ ಆರ್ಟಿಮಿಸಿಯಾ ಜೆಂಟಿಲೆಸ್ಕಿಯನ್ನೂ, ಷರ್ಲಿ ಗೊರೆಲಿಕ್ ಫ್ರೀಡಾ ಕಾಹ್ಲೊವನ್ನೂ, ಡಯಾನಾ ಕುರ್ಜ್ ದುರ್ಗೆಯನ್ನೂ ಚಿತ್ರಿಸಿದರು. ದೇವತೆಯೂ ಕಲಾವಿದೆಯೂ ಒಂದೇ ಸಾಲಿನಲ್ಲಿ ನಿಂತದ್ದು ಅರ್ಥಪೂರ್ಣ. ತಮಗೆ ದೊರೆಯದ ಪೂರ್ವಿಕ ಪರಂಪರೆಯನ್ನು ಸಮುದಾಯವೊಂದು ಪುರಾಣ ಮತ್ತು ಚರಿತ್ರೆಗಳೆರಡರಿಂದಲೂ ಆಯ್ದು ಕಟ್ಟಿಕೊಳ್ಳುವ ಪ್ರಕ್ರಿಯೆ ಇದು.

ಸ್ಲೇ ಸಹಕಲಾವಿದೆಯರ ಕೃತಿಗಳನ್ನು ಸಂಗ್ರಹಿಸಿದವರೂ ಹೌದು. ಆ ಸಂಗ್ರಹ ನ್ಯೂಜೆರ್ಸಿಯ ರೋವನ್ ವಿಶ್ವವಿದ್ಯಾಲಯದಲ್ಲಿದೆ. ಭಾವಚಿತ್ರಗಳು ಹೆಸರನ್ನೂ ಮುಖವನ್ನೂ ಉಳಿಸಿದರೆ, ಸಂಗ್ರಹವು ಅವರ ದುಡಿಮೆಯನ್ನು ಉಳಿಸಿತು. ಭಾವಚಿತ್ರಕ್ಕೆ ಹೇಳಲಾಗದುದನ್ನು ಆ ಕೃತಿಗಳು ತಾವೇ ಹೇಳುತ್ತವೆ. ಸ್ಲೇ ಅವರ ಸಾಧನೆಯನ್ನು ಈ ಎರಡನ್ನೂ ಸೇರಿಸಿ ಅಳೆಯುವುದು ಯುಕ್ತ.