ಪೆಟ್ಟಿಗೆ ಬಿಚ್ಚಿ, ಮೆಟ್ಟಿಲ ಮೇಲೆ ನಿಲ್ಲಿಸಿ

ನವರಾತ್ರಿಗೆ ಬೊಂಬೆ ಕೂರಿಸುವ ಮನೆಗಳು ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಇನ್ನೂ ಸಾಕಷ್ಟಿವೆ. ಮೇಲಿನ ಮೆಟ್ಟಿಲಿನಲ್ಲಿ ಕಳಶ, ಪಟ್ಟದ ಬೊಂಬೆಗಳು. ಕೆಳಗೆ ದಶಾವತಾರ, ಮದುವೆ ದಿಬ್ಬಣ, ಶೆಟ್ಟರ ಅಂಗಡಿ. ನೆಲದ ಮೇಲೆ ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರಿನ ಪಾರ್ಕು. ಈಚಿನ ವರ್ಷಗಳಲ್ಲಿ ಆ ಪಾರ್ಕಿನ ಪಕ್ಕಕ್ಕೆ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್, ಐರನ್‌ಮ್ಯಾನ್ ಬಂದು ನಿಂತಿದ್ದಾರೆ. ಮೊಮ್ಮಕ್ಕಳ ಹಟಕ್ಕೆ ಇಟ್ಟದ್ದು ಎನ್ನುತ್ತಾರೆ ಹಿರಿಯರು. ನನ್ನ ಮಟ್ಟಿಗೆ ಅದು ಆ ಬೊಂಬೆಗಳಿಗೆ ನ್ಯಾಯವಾಗಿ ಸಲ್ಲಬೇಕಾದ ಜಾಗ. ಸೂಪರ್‌ಹೀರೋ ಬೊಂಬೆಯನ್ನು ಹೇಗೆ ಆರಿಸಬೇಕು, ಹೇಗೆ ನೋಡಬೇಕು, ಹೇಗೆ ಕಾಪಾಡಬೇಕು ಎಂಬುದೆಲ್ಲ ದಸರಾ ಬೊಂಬೆ ಕೂರಿಸಿದ ಮನೆಗೆ ಆಗಲೇ ಗೊತ್ತಿದೆ.

ಅಮೆರಿಕದಲ್ಲಿ ಈ ಬೊಂಬೆಗಳ ಕಥೆ ಒಂದು ಅಂಜಿಕೆಯಿಂದ ಶುರುವಾಯಿತು. 1964ರಲ್ಲಿ ಹ್ಯಾಸ್‌ಬ್ರೊ ಕಂಪನಿ ಜಿ.ಐ. ಜೋ ಎಂಬ ಸೈನಿಕನನ್ನು ಮಾರುಕಟ್ಟೆಗೆ ತಂದಾಗ, ಗಂಡುಹುಡುಗರು ಬೊಂಬೆ ಎಂದರೆ ಮುಟ್ಟುವುದಿಲ್ಲವೆಂದು ಹೆದರಿ ಅದನ್ನು ಆಕ್ಷನ್ ಫಿಗರ್ ಎಂದು ಕರೆದು ಮಾರಿತು. ನಮ್ಮಲ್ಲಿ ಆ ಅಂಜಿಕೆಗೆ ಕಾರಣವೇ ಇರಲಿಲ್ಲ. ಅಟ್ಟದಿಂದ ಟ್ರಂಕು ಇಳಿಸುವವರು ಅಪ್ಪ, ಮೆಟ್ಟಿಲಿಗೆ ಹಲಗೆ ಜೋಡಿಸುವವರು ಮಾವ, ರಾವಣನ ಹತ್ತು ತಲೆ ಸರಿಯಾಗಿ ಕೂತಿವೆಯೇ ಎಂದು ನೋಡುವವರು ತಾತ. ಬೊಂಬೆಯ ಮುಂದೆ ಗಂಡು ಹೆಣ್ಣು, ಚಿಕ್ಕವರು ದೊಡ್ಡವರು ಎಂಬ ಲೆಕ್ಕವಿಲ್ಲದ ಮನೆಯಲ್ಲಿ ಬೆಳೆದವರು ನಾವು. ನಲವತ್ತು ದಾಟಿದವರೊಬ್ಬರು ಬಿಟಿಎಂ ಲೇಔಟಿನ ಫ್ಲ್ಯಾಟಿನಲ್ಲಿ ಗಾಜಿನ ಬೀರು ತುಂಬ ಅವೆಂಜರ್ಸ್ ಜೋಡಿಸಿಕೊಂಡಿದ್ದರೆ ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಯಾವ ಸಮಜಾಯಿಷಿಯೂ ಬೇಕಿಲ್ಲ.

ಅದೇ 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ಮೊದಲ 32 ಸಂಚಿಕೆಗಳೂ ಲೀ ಫಾಕ್ ಬರೆದ ಫ್ಯಾಂಟಮ್ ಕಥೆಗಳೇ. ಮುಂದೆ ಅದು ಕನ್ನಡದಲ್ಲೂ ಬಂತು. ಸ್ಪೈಡರ್‌ಮ್ಯಾನ್ ನಮ್ಮ ಟೀವಿಗೆ ಬರುವ ಮುಂಚೆ ಕನ್ನಡ ಓದುವ ಮಕ್ಕಳಿಗೆ ಮುಖವಾಡದ ವೀರನೆಂದರೆ ಡೆಂಕಾಲಿಯ ಕಾಡಿನ ಫ್ಯಾಂಟಮ್. ಜಗತ್ತಿನ ಲೆಕ್ಕದಲ್ಲೂ ಅವನು ಹಿರಿಯ: ಪತ್ರಿಕೆಯ ಪುಟದಲ್ಲಿ ಅವನು ಕಾಣಿಸಿಕೊಂಡದ್ದು 1936ರ ಫೆಬ್ರವರಿಯಲ್ಲಿ, ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ. ಮೈಗಂಟಿದ ಉಡುಪು, ಪಾಪೆಯಿಲ್ಲದ ಬಿಳಿ ಕಣ್ಣಿನ ಮುಖವಾಡ, ಇವೆಲ್ಲ ಅವನಿಂದಲೇ ಬಂದ ರೂಢಿ. 1966ರಲ್ಲಿ ಐಡಿಯಲ್ ಎಂಬ ಅಮೆರಿಕದ ಕಂಪನಿ ಕ್ಯಾಪ್ಟನ್ ಆಕ್ಷನ್ ಎಂಬ ಬೊಂಬೆ ಮಾಡಿ, ಅದಕ್ಕೆ ತೊಡಿಸಲು ಬೇರೆ ಬೇರೆ ವೀರರ ವೇಷಗಳನ್ನು ಮಾರಿತು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಜತೆ ಫ್ಯಾಂಟಮ್ ವೇಷವೂ ಅದರಲ್ಲಿತ್ತು. ಈಗ ನೆಕಾ ಕಂಪನಿಯ ಏಳಿಂಚಿನ ಫ್ಯಾಂಟಮ್ ಸಿಗುತ್ತದೆ. ಕನ್ನಡ ಓದುಗರ ಮನೆಯ ಸಂಗ್ರಹ ಯಾರಿಂದ ಆರಂಭವಾಗಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಫ್ಯಾಂಟಮ್.

ಬೊಂಬೆಯನ್ನು ಪರೀಕ್ಷಿಸುವುದು ಹೇಗೆಂದು ಕಲಿಯುವುದಕ್ಕೂ ಅವನೇ ಸರಿ. ಮೊದಲು ಕೈ ನೋಡಿ. ಬಲಗೈಯಲ್ಲಿ ತಲೆಬುರುಡೆಯ ಉಂಗುರ, ಎಡಗೈಯಲ್ಲಿ ರಕ್ಷೆಯ ಗುರುತಿನ ಉಂಗುರ ಇರಲೇಬೇಕು. ಅದಲುಬದಲಾಗಿದ್ದರೆ ಮಾಡಿದವರು ಕಥೆ ಓದಿಲ್ಲ. ಆಮೇಲೆ ಚಡ್ಡಿಯ ಪಟ್ಟೆಗಳು. ತೊಡೆಯ ಕೀಲು ಆ ಪಟ್ಟೆಗಳ ನಡುವೆಯೇ ಹಾದುಹೋಗುತ್ತದೆ. ನೆಟ್ಟಗೆ ನಿಂತಾಗ ಎರಡೂ ಬದಿಯ ಗೆರೆ ಕೂಡಿಕೊಂಡರೆ ಬಣ್ಣದವನ ಕೈ ಗಟ್ಟಿ. ಕೊನೆಗೆ ಮುಖವಾಡದ ಅಂಚು: ಕಪ್ಪು ಬಣ್ಣ ಕೆನ್ನೆಗೆ ಹರಡಬಾರದು, ಕೆನ್ನೆಯ ಬಣ್ಣ ಮುಖವಾಡಕ್ಕೆ ಏರಬಾರದು. ಅಂಗಡಿಯಲ್ಲಿ ಒಂದೇ ಬೊಂಬೆಯ ನಾಲ್ಕು ಪೆಟ್ಟಿಗೆಗಳಿದ್ದರೆ ನಾಲ್ಕನ್ನೂ ಕೆಳಗಿಳಿಸಿ ನೋಡಿಯೇ ಆರಿಸಿಕೊಳ್ಳಿ. ಬಣ್ಣದಲ್ಲಿ ಕೈಕೆಲಸ ಇರುವುದರಿಂದ ನಾಲ್ಕೂ ಒಂದೇ ಥರ ಇರುವುದಿಲ್ಲ. ಗೌರಿ ಬೊಂಬೆ ಕೊಳ್ಳುವಾಗ ಕಣ್ಣು ತಿದ್ದಿದ್ದು ಸರಿಯಿದೆಯೇ ಎಂದು ನಮ್ಮ ಅಜ್ಜಿಯರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆ ಕಣ್ಣು ಇಲ್ಲೂ ಬೇಕು.

ಮುಖದ ನಂತರ ನಿಲುವು. ಮಾರ್ವೆಲ್ ಲೆಜೆಂಡ್ಸ್ ಎಂಬ ಆರಿಂಚಿನ ಸರಣಿಯನ್ನು ಟಾಯ್ ಬಿಝ್ ಕಂಪನಿ 2002ರಲ್ಲಿ ಆರಂಭಿಸಿತು. 2007ರಿಂದ ಅದು ಹ್ಯಾಸ್‌ಬ್ರೊ ಕೈಯಲ್ಲಿದೆ. ಈ ಹವ್ಯಾಸದಲ್ಲಿ ಕೀಲುಗಳ ಮಟ್ಟ ಏರಿಸಿದ್ದು ಆ ಸರಣಿ. ಮೊಣಕೈ, ಮೊಣಕಾಲುಗಳಲ್ಲಿ ಎರಡೆರಡು ಮಡಿಕೆ, ಭುಜದಲ್ಲಿ ಮುಂದಕ್ಕೆ ಬಾಗುವ ಕೀಲು, ಹೊಟ್ಟೆಯಲ್ಲಿ ಬಗ್ಗುವ ಕೀಲು, ಪಾದ ಪಕ್ಕಕ್ಕೆ ಓರೆಯಾಗುವ ಕೀಲು ಎಲ್ಲ ಇದ್ದರೆ ಸ್ಪೈಡರ್‌ಮ್ಯಾನ್ ಗೋಡೆಗೆ ಅಂಟಿದವನಂತೆ ಕೂರಬಲ್ಲ. ಆದರೆ ಕೀಲು ಎಷ್ಟಿವೆ ಎಂದು ಎಣಿಸಿ ಬೆಲೆ ಕಟ್ಟಬೇಡಿ. ಪಾದದ ಕೀಲು ಸಡಿಲವಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿಲ್ಲ. ಒಂಟಿಕಾಲಲ್ಲಿ ನಿಲ್ಲಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆಯೂ ನಿಂತಿದ್ದರೆ ಅದು ಕೊಂಡದ್ದಕ್ಕೆ ತಕ್ಕ ಬೊಂಬೆ. ಬಟ್ಟೆಯ ಕೇಪಿಗೂ ಪ್ಲಾಸ್ಟಿಕ್ ಕೇಪಿಗೂ ಇರುವ ವ್ಯತ್ಯಾಸವೂ ನಿಲುವಿನಲ್ಲೇ ಗೊತ್ತಾಗುತ್ತದೆ: ಪ್ಲಾಸ್ಟಿಕ್ ಕೇಪು ನೋಡಲು ಚಂದ, ಆದರೆ ಅದರ ಭಾರಕ್ಕೆ ಸೂಪರ್‌ಮ್ಯಾನ್ ಹಿಂದಕ್ಕೆ ಬೀಳುತ್ತಾನೆ.

ಗಾತ್ರದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಮ್ಯಾಕ್‌ಫಾರ್ಲೇನ್ ಕಂಪನಿ 2020ರಿಂದ ಮಾಡಿದ ಡಿಸಿ ವೀರರು ಏಳಿಂಚು, ಲೆಜೆಂಡ್ಸ್ ಆರಿಂಚು, ಹಾಂಗ್‌ಕಾಂಗಿನ ಹಾಟ್ ಟಾಯ್ಸ್ ಮಾಡುವುದು ಸುಮಾರು ಒಂದಡಿ. ಒಂದು ಸಾಲಿನಲ್ಲಿ ಒಂದೇ ಗಾತ್ರ ಇರಲಿ, ಅಷ್ಟು ಸಾಕು. ಅದಕ್ಕಿಂತ ಮುಖ್ಯ, ಸಾಲಿಗೊಂದು ಕಥೆ ಇರಬೇಕು. ದಸರಾ ಮೆಟ್ಟಿಲಿನಲ್ಲಿ ರಾಮ ಒಬ್ಬನೇ ನಿಲ್ಲುವುದಿಲ್ಲ. ಪಟ್ಟಾಭಿಷೇಕದ ಇಡೀ ಸೆಟ್ಟು ಇರುತ್ತದೆ. ಹಾಗೆಯೇ ಬ್ಯಾಟ್‌ಮ್ಯಾನ್ ಎದುರಿಗೆ ಜೋಕರ್ ಬೇಕು, ಪ್ರೊಫೆಸರ್ ಎಕ್ಸ್ ಎದುರಿಗೆ ಮ್ಯಾಗ್ನೆಟೊ ಬೇಕು. ಒಬ್ಬನೇ ಐರನ್‌ಮ್ಯಾನ್‌ನ ಇಪ್ಪತ್ತು ಕವಚಗಳಿಗಿಂತ ಒಂದು ಕಥೆ ಹೇಳುವ ನಾಲ್ಕು ಬೊಂಬೆಗಳು ಹೆಚ್ಚಿನವು.

ಕಂಪನಿಗಳು ಈ ಸೆಟ್ಟಿನ ಆಸೆಯನ್ನೇ ಬಲೆಯಾಗಿ ಬಳಸುವುದೂ ಉಂಟು. 2005ರಲ್ಲಿ ಟಾಯ್ ಬಿಝ್ ಗಲ್ಯಾಕ್ಟಸ್ ಎಂಬ ದೈತ್ಯನ ಕೈ, ಕಾಲು, ಮುಂಡಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಹಂಚಿತು. ಎಲ್ಲ ಪೆಟ್ಟಿಗೆ ಕೊಂಡರೆ ಮಾತ್ರ ದೈತ್ಯ ಪೂರ್ತಿಯಾಗುತ್ತಾನೆ. ಆ ಪದ್ಧತಿ ಮುಂದೆಯೂ ನಡೆಯಿತು. ಬೇಡದ ಐವರನ್ನು ಕೊಂಡು ಬೇಕಾದ ಒಬ್ಬನನ್ನು ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ. ವರ್ಷಕ್ಕೊಂದು ಹೊಸ ಬೊಂಬೆ ಎಂಬ ದಸರಾ ಮನೆಗಳ ರೂಢಿ ಸಂಗ್ರಹಕಾರನ ಜೇಬಿಗೂ ಒಳ್ಳೆಯದು, ಬೀರುವಿಗೂ ಒಳ್ಳೆಯದು.

ಈಗ ಪೇಟೆಯ ಮಾತು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ಫುಟ್‌ಪಾತಿನಲ್ಲಿ ಎದೆಯ ಗುಂಡಿ ಒತ್ತಿದರೆ ಲೈಟು ಹತ್ತುವ ಹಲ್ಕ್, ಥಾರ್, ಕ್ಯಾಪ್ಟನ್ ಅಮೆರಿಕ ಸಿಗುತ್ತಾರೆ. ಲೈಸೆನ್ಸ್ ಇಲ್ಲದ ನಕಲುಗಳು. ಕೀಲು ಐದೇ, ಮುಖಗಳೆಲ್ಲ ಒಂದೇ ಅಚ್ಚು. ಇವು ಸಂಗ್ರಹಕ್ಕೆ ಸಲ್ಲವು. ಚಿಕ್ಕ ಮಕ್ಕಳಿಗೆ ಕೊಡಿಸುವುದೂ ಬೇಡ: ಯಾವ ಪ್ಲಾಸ್ಟಿಕ್, ಯಾವ ಬಣ್ಣ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ, ಮಗು ಅದನ್ನು ಬಾಯಿಗಿಡುತ್ತದೆ. ಅಸಲಿ ಬೊಂಬೆಗೆ ಮಾಲ್‌ಗಳಿವೆ, ಆನ್‌ಲೈನ್ ಇದೆ, ವರ್ಷಕ್ಕೊಮ್ಮೆ ಕಾಮಿಕ್ ಕಾನ್ ಮೇಳ ಇದೆ. ಬೆಂಗಳೂರಿಗೆ ಕಾಮಿಕ್ ಕಾನ್ ಮೊದಲು ಬಂದದ್ದು 2012ರಲ್ಲಿ, ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೆ. ಮುಂದೆ ಅದು ವೈಟ್‌ಫೀಲ್ಡಿನ ಕೆಟಿಪಿಒಗೆ ಹೋಯಿತು. ದಕ್ಷಿಣ ಬೆಂಗಳೂರಿನವರಿಗೆ ಅದು ದೂರವೇ. ಆದರೂ ಬೊಂಬೆಯನ್ನು ಕಣ್ಣಾರೆ ನೋಡಿ, ಹೋಲಿಸಿ ಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಬೆಲೆ ಏಕೆ ಹೀಗೇರಿತು ಎಂದು ಕೇಳುವವರಿಗೆ ಕಾರಣ ಸ್ಪಷ್ಟ. ಆಮದು ಆಟಿಕೆಗಳ ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ವಿದೇಶದ ಕಾರ್ಖಾನೆಯೂ ಇಲ್ಲಿನ ಲೈಸೆನ್ಸ್ ಪಡೆಯಬೇಕು. ಮಕ್ಕಳ ಸುರಕ್ಷತೆಗೆ ಆ ನಿಯಮ ಬೇಕೇ ಬೇಕು. ಆದರೆ ವಯಸ್ಕರು ಗಾಜಿನ ಬೀರುವಿನಲ್ಲಿಡುವ ಬೊಂಬೆಯ ಪೆಟ್ಟಿಗೆಯ ಮೇಲೂ ನಾಲ್ಕು ವರ್ಷ ಮೇಲ್ಪಟ್ಟವರಿಗೆ ಎಂದು ಅಚ್ಚಾಗಿರುವುದುಂಟು. ಆಗ ಅದು ಮಕ್ಕಳ ಆಟಿಕೆಯ ಲೆಕ್ಕಕ್ಕೇ ಬರುತ್ತದೆ. ಬೊಂಬೆ ಯಾವುದು, ಆಟಿಕೆ ಯಾವುದು ಎಂದು ಕಾನೂನು ತಡಕಾಡಿದ್ದು ಇಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ ಮನುಷ್ಯರೂಪದ ಬೊಂಬೆಗೆ ಶೇ 12, ಉಳಿದ ಆಟಿಕೆಗೆ ಶೇ 6.8 ಸುಂಕವಿದ್ದ ಕಾಲದಲ್ಲಿ ಟಾಯ್ ಬಿಝ್ ಕಡಿಮೆ ಸುಂಕ ಕೇಳಿ ಕೋರ್ಟಿಗೆ ಹೋಯಿತು. 2003ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಎಕ್ಸ್-ಮೆನ್ ಮನುಷ್ಯರಲ್ಲ ಎಂದು ತೀರ್ಪು ಕೊಟ್ಟಿತು. ತಾವೂ ಮನುಷ್ಯರೇ ಎಂದು ಕಥೆಯುದ್ದಕ್ಕೂ ಹೋರಾಡುವವರು ಅವರು. ಆ ತೀರ್ಪು ಅಭಿಮಾನಿಗಳನ್ನು ನೋಯಿಸಿತು. ನಮ್ಮಲ್ಲಿ ಸಂಗ್ರಹಯೋಗ್ಯ ಬೊಂಬೆಗಳಿಗೆ ಬೇರೆಯದೇ ಒಂದು ವರ್ಗ ಬರಲಿ, ಅದರ ವಯಸ್ಸಿನ ಮಿತಿ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಇರಲಿ ಎಂಬುದು ನನ್ನ ಒತ್ತಾಯ.

ಆಮದಿನ ಬೆಲೆ ಕೈಗೆಟಕದವರು ಅಟ್ಟ ಹುಡುಕಬೇಕು. ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೊ ಸೇರಿ 1987ರಲ್ಲಿ ಕಟ್ಟಿದ ಫನ್‌ಸ್ಕೂಲ್ ಕಂಪನಿ ಗೋವಾದಲ್ಲಿ ಜಿ.ಐ. ಜೋ ಬೊಂಬೆಗಳನ್ನು ಮಾಡುತ್ತಿತ್ತು. ಅಚ್ಚು ಅಮೆರಿಕದ್ದು, ಬಣ್ಣ ಇಲ್ಲಿಯದು. ಅಲ್ಲಿ ಹಸಿರಿದ್ದವನು ಇಲ್ಲಿ ಹಳದಿ, ಕೆಂಪು ತೊಟ್ಟು ಬಂದ. ಆ ಬಣ್ಣಗಳಿಗಾಗಿಯೇ ಈಗ ಹೊರದೇಶದ ಸಂಗ್ರಹಕಾರರು ಭಾರತದ ಜೋಗಳನ್ನು ಹುಡುಕುತ್ತಾರೆ. ತೊಂಬತ್ತರ ದಶಕದಲ್ಲಿ ಮಕ್ಕಳಿದ್ದ ಜಯನಗರದ ಮನೆಗಳ ಹಳೆಯ ಬಿಸ್ಕತ್ ಡಬ್ಬಿಗಳಲ್ಲಿ ಅವು ಇನ್ನೂ ಇರಬಹುದು. ಸೊಂಟ ಕಳಚಿ ಎರಡು ತುಂಡಾಗಿದ್ದರೆ ಎಸೆಯಬೇಡಿ. ಒಳಗೆ ಮೇಲುಮೈಯನ್ನೂ ಕಾಲುಗಳನ್ನೂ ಹಿಡಿದಿಡುವ ಒಂದು ರಬ್ಬರ್ ರಿಂಗ್ ಇರುತ್ತದೆ. ವಯಸ್ಸಾಗಿ ತುಂಡಾಗುವುದು ಅದು. ಬೆನ್ನಿನ ಒಂದೇ ಸ್ಕ್ರೂ ಬಿಚ್ಚಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಓ-ರಿಂಗ್ ತಂದು ಹಾಕಿದರೆ ಬೊಂಬೆ ಮತ್ತೆ ಎದ್ದು ನಿಲ್ಲುತ್ತದೆ.

ಕಾಪಾಡುವ ಕ್ರಮವೂ ಕಷ್ಟದ್ದಲ್ಲ. ಬೆಂಗಳೂರಿನ ಹವೆ ಪ್ಲಾಸ್ಟಿಕ್ಕಿಗೆ ಒಗ್ಗುತ್ತದೆ, ಬಿಸಿಲು ಒಗ್ಗುವುದಿಲ್ಲ. ಪಡುವಣ ಕಿಟಕಿಯ ಎದುರು ಬಿಳಿ ಬೊಂಬೆ ಇಟ್ಟರೆ ಹಳದಿಗೆ ತಿರುಗುತ್ತದೆ. ಗಾಳಿಯಾಡದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಪಿವಿಸಿ ಬೊಂಬೆ ಅಂಟಂಟಾಗುತ್ತದೆ, ಏಕೆಂದರೆ ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಹೊರಗೆ ಒಸರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ. ಪಟ್ಟದ ಬೊಂಬೆಗೆ ಮಾಡುವ ಉಪಚಾರವೇ ಇವಕ್ಕೂ ಸಾಕು. ಕೀಲು ಬಿಗಿದುಕೊಂಡಿದ್ದರೆ ಬಲ ಪ್ರಯೋಗ ಬೇಡ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೆತ್ತಗಾದ ಮೇಲೆ ನಿಧಾನವಾಗಿ ತಿರುಗಿಸಿ.

ಪೆಟ್ಟಿಗೆ ಬಿಚ್ಚದೆ ಇಡುವವರಿದ್ದಾರೆ. ಮುಂದೆ ಬೆಲೆ ಬರುತ್ತದೆ ಎಂಬುದು ಅವರ ವಾದ. ಅದು ದಾಸ್ತಾನು, ಸಂಗ್ರಹವಲ್ಲ. ಮುಟ್ಟದ ಬೊಂಬೆಯ ಕೀಲು ಗಟ್ಟಿಯೇ ಸಡಿಲವೇ ಎಂದು ಅದರ ಒಡೆಯನಿಗೂ ಗೊತ್ತಿರುವುದಿಲ್ಲ. ಯಾವ ಮನೆಯ ದಸರಾ ಮೆಟ್ಟಿಲಿನ ಮೇಲೂ ರಟ್ಟಿನ ಪೆಟ್ಟಿಗೆಯೊಳಗೆ ಕೂತ ಕೃಷ್ಣನನ್ನು ನಾನು ನೋಡಿಲ್ಲ.

ನಮ್ಮ ಕುಶಲಕರ್ಮಿಗಳಿಗೂ ಒಂದು ಮಾತಿದೆ. ಕೀಲುಬೊಂಬೆ ಕನ್ನಡಿಗರಿಗೆ ಹೊಸದಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನ ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಬೊಂಬೆ ಆಡಿಸುತ್ತಿದೆ. ಕಾಸರಗೋಡಿನಲ್ಲೂ ಯಕ್ಷಗಾನ ಬೊಂಬೆಯಾಟದ ತಂಡವಿದೆ. ಬನಶಂಕರಿಯಲ್ಲಿ ಅನುಪಮಾ ಹೊಸಕೆರೆ ಅವರ ಧಾತು ಸಂಸ್ಥೆ ಮರದ ಬೊಂಬೆಗಳನ್ನು ಕೆತ್ತಿ ಆಡಿಸುತ್ತದೆ. ಮೊಣಕೈ ಹೇಗೆ ಮಡಚಬೇಕು, ಕತ್ತು ಹೇಗೆ ತಿರುಗಬೇಕು ಎಂದು ಬಲ್ಲ ಕೈಗಳು ಇಲ್ಲೇ ಇವೆ. ಅರವತ್ತು ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಬಲ್ಲವರಿದ್ದಾರೆ, ನಗರದ ತುಂಬ ತ್ರೀಡಿ ಪ್ರಿಂಟರ್ ಬಲ್ಲ ಎಂಜಿನಿಯರ್‌ಗಳಿದ್ದಾರೆ. ಇವರೆಲ್ಲ ಒಂದೇ ಮೇಜಿಗೆ ಬಂದು ಆರಿಂಚಿನ ಒಬ್ಬ ಬಬ್ರುವಾಹನನನ್ನೋ ಒಬ್ಬ ಘಟೋತ್ಕಚನನ್ನೋ ಒಂಟಿಕಾಲಲ್ಲಿ ನಿಲ್ಲುವಂತೆ ಮಾಡಿದರೆ, ಕೊಳ್ಳುವ ಮೊದಲಿಗರಲ್ಲಿ ನಾನಿರುತ್ತೇನೆ.

ಅಲ್ಲಿಯವರೆಗೆ ಓದುಗರಲ್ಲಿ ಕೋರಿಕೆ ಇಷ್ಟೆ. ಬರುವ ನವರಾತ್ರಿಗೆ ಒಂದು ಮೆಟ್ಟಿಲು ಹೆಚ್ಚಿಗೆ ಹಾಕಿ, ನಿಮ್ಮ ಸೂಪರ್‌ಹೀರೋಗಳನ್ನು ಒಂದು ಕಥೆಯಾಗಿ ಜೋಡಿಸಿ. ಬೊಂಬೆ ನೋಡಲು ಬಂದ ಮಕ್ಕಳಿಗೆ ಬಾಗಿನ ಕೊಟ್ಟು, ಫ್ಯಾಂಟಮ್ ಯಾರೆಂದು ಕನ್ನಡದಲ್ಲಿ ಹೇಳಿ.