ಕುಂತಲ್ಲೇ ಕಂಡ ಹಂಪಿ

ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. 2017ರಲ್ಲಿ ಬಂದ ಈ ನೀಲಿ ನೋಟು ದೇಶದ ಎಲ್ಲ ಸಂತೆಗಳಲ್ಲೂ ಓಡಾಡುತ್ತಿದೆ. ಹಂಪಿಯ ಕಡೆ ತಲೆ ಹಾಕದವರ ಜೇಬಿನಲ್ಲೂ ಆ ರಥ ನಿಂತ ವಿಜಯವಿಠ್ಠಲ ಗುಡಿಯ ಅಂಗಳ ಇದ್ದೇ ಇರುತ್ತದೆ. ಇದೇ ರಥವನ್ನು 1856ರ ಹೊತ್ತಿಗೆ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್ ಮೇಲೆ ಹಿಡಿದ. ಅವನ ಚಿತ್ರದ ರಥಕ್ಕೆ ಇಟ್ಟಿಗೆಯ ಶಿಖರವಿದೆ. ನೋಟಿನ ರಥ ಬೋಳು, ಏಕೆಂದರೆ ಆ ಶಿಖರವನ್ನು ಆಮೇಲೆ ಇಳಿಸಿಬಿಟ್ಟರು. ಹಂಪಿ ಎಂದರೆ 1565ರಲ್ಲಿ ಹಾಳಾಗಿ, ಅಂದಿನಿಂದ ಹಾಗೇ ನಿಂತುಬಿಟ್ಟ ಊರು ಎಂದು ನಂಬಿದವರು ಈ ಎರಡು ರಥಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ನಾವಿಂದು ಕಾಣುವ ಹಾಳು ಸಹ ಆಮೇಲಿನವರು ತಿದ್ದಿ ತೀಡಿದ್ದು.

ಪಾಪಿನಾಯಕನಹಳ್ಳಿಯಲ್ಲಿ ಕೂತು ಹಂಪಿಯ ಪುಸ್ತಕ ಓದುವುದೇ ಬೇರೆ, ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ಓದುವುದೇ ಬೇರೆ. ಹೊಸಪೇಟೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ಸಿಗುವ ಊರು ನಮ್ಮದು. ಬಸ್ಸಿನವರ ಬಾಯಲ್ಲಿ ಪಿ.ಕೆ. ಹಳ್ಳಿ. ಒಂದು ದಿಕ್ಕಿಗೆ ಹಂಪಿಯ ಬಂಡೆಗುಡ್ಡಗಳು, ಇನ್ನೊಂದು ದಿಕ್ಕಿಗೆ ಸಂಡೂರಿನ ಅದಿರಿನ ಸಾಲು. ಏಪ್ರಿಲ್ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದರೆ ನಾವೂ ಹಂಪಿಗೆ ಹೋಗುವುದಿಲ್ಲ, ಬಾಗಿಲು ಮುಂದೆ ಮಾಡಿಕೊಂಡು ಮನೆಯೊಳಗೇ ಇರುತ್ತೇವೆ. ಓದಲು ಅದೇ ಸರಿಯಾದ ಹೊತ್ತು. ಪುಟದಲ್ಲಿ ಬರುವ ಕಾಲುವೆ, ಬಾಳೆತೋಟ, ಬಂಡೆ ಎಲ್ಲ ಕಣ್ಣಿಗೆ ಕಟ್ಟಿದಂತೆ ಗೊತ್ತಿರುವುದರಿಂದ, ಬರೆದವರು ಏನನ್ನು ಬಿಟ್ಟರು ಎಂಬುದು ತಕ್ಷಣ ತಿಳಿಯುತ್ತದೆ. ಹಾಗಾಗಿ ಹಂಪಿಯ ಯಾವ ಪುಸ್ತಕ, ಯಾವ ಚಿತ್ರ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಒಂದನ್ನೇ: ಇಲ್ಲಿ ನೀರು ಕಟ್ಟುವವರು, ಕಲ್ಲು ಹೊರುವವರು, ಸಂತೆ ಮಾಡುವವರು ಇದ್ದಾರೆಯೇ?

ಈ ಪರೀಕ್ಷೆಯಲ್ಲಿ ಗೆಲ್ಲುವವನು ಐನೂರು ವರ್ಷ ಹಿಂದಿನ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ಅವನು ಇಲ್ಲಿಗೆ ಬಂದ. ಎಲ್ಲರೂ ಎತ್ತಿ ಹೇಳುವುದು ಅವನ ಮಹಾನವಮಿಯ ವರ್ಣನೆಯನ್ನು, ರತ್ನದ ಅಂಗಡಿಗಳನ್ನು, ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು ಸಾಮು ಮಾಡುತ್ತಿದ್ದ ರಾಯನನ್ನು. ನನಗೆ ಅದಕ್ಕಿಂತ ದೊಡ್ಡದು ಅವನ ಕೆರೆ. ಹೊಸಪೇಟೆಯ ದಕ್ಷಿಣಕ್ಕೆ ಎರಡು ಗುಡ್ಡಗಳ ನಡುವೆ ರಾಯ ಕಟ್ಟಿಸುತ್ತಿದ್ದ ಕೆರೆಯ ಏರಿಯ ಮೇಲೆ ಹದಿನೈದು ಇಪ್ಪತ್ತು ಸಾವಿರ ಜನ ಕೆಲಸ ಮಾಡುತ್ತಿದ್ದರೆಂದು ಪಾಯೆಸ್ ಬರೆಯುತ್ತಾನೆ; ನೆಲವೇ ಕಾಣದಷ್ಟು ಜನ. ಏರಿ ಎರಡು ಮೂರು ಸಲ ಒಡೆಯಿತು. ಆಗ ಅರವತ್ತು ಜನರನ್ನು, ಕುದುರೆ ಕೋಣಗಳನ್ನು ಬಲಿ ಕೊಟ್ಟರು ಎಂಬುದನ್ನೂ ಅವನು ಮುಚ್ಚಿಡುವುದಿಲ್ಲ. ಅವನ ಬಳಿಕ ಬಂದ ಕುದುರೆ ವ್ಯಾಪಾರಿ ನ್ಯೂನಿಜ್ ಇದೇ ಕೆಲಸಕ್ಕೆ ಒಬ್ಬ ಪೋರ್ಚುಗೀಸ್ ಕಲ್ಲುಕೆಲಸದವನ ನೆರವು ಸಿಕ್ಕಿತೆಂದು ಸೇರಿಸುತ್ತಾನೆ. ಒಂದು ಕೆರೆಗೆ ಎಷ್ಟು ಬೆವರು, ಎಷ್ಟು ರಕ್ತ ಹರಿಯಿತು ಎಂದು ಇಷ್ಟು ನೇರವಾಗಿ ಹೇಳುವ ಪುಟ ಹಂಪಿಯ ಸಾಹಿತ್ಯದಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ.

ಹರಿಗೋಲನ್ನೂ ಪಾಯೆಸ್ ಬಿಟ್ಟಿಲ್ಲ. ಬುಟ್ಟಿಯ ಹಾಗೆ ದುಂಡಗೆ ಹೆಣೆದು ಹೊರಗೆ ಚರ್ಮ ಹೊದಿಸಿದ ದೋಣಿ, ಹದಿನೈದು ಇಪ್ಪತ್ತು ಜನ ಹಿಡಿಸುತ್ತದೆ, ಕುದುರೆ ಎತ್ತುಗಳನ್ನೂ ದಾಟಿಸುತ್ತದೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಸಾಗುತ್ತದೆ. ಆನೆಗುಂದಿ ಕಡವಿನಲ್ಲಿ ಹರಿಗೋಲು ಹತ್ತಿದವರಿಗೆಲ್ಲ ಆ ತಿರುಗುವಿಕೆ ಗೊತ್ತು. ಜೋಳ, ಹುರುಳಿ, ಭತ್ತ, ನಿಂಬೆ, ದ್ರಾಕ್ಷಿ, ಎಲ್ಲೆಲ್ಲೂ ಮಾರುವ ಗುಲಾಬಿ ಎಂದು ಸಂತೆಯನ್ನು ಹೆಸರು ಹಿಡಿದು ಬರೆದಿದ್ದಾನೆ. ಅರಮನೆಗೆ ಬಂದ ಪರದೇಶದ ಅತಿಥಿಗೆ ಹುರುಳಿಯ ರಾಶಿ ಕಣ್ಣಿಗೆ ಬಿದ್ದಿತಲ್ಲ, ಅಲ್ಲಿದೆ ಅವನ ದೊಡ್ಡಸ್ತಿಕೆ. ಅವನು ಕಂಡ ರಾಯನೇ ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ ಬರೆದವನು. ಕಥೆ ತಮಿಳುನಾಡಿನ ಶ್ರೀವಿಲ್ಲಿಪುತ್ತೂರಿನದಾದರೂ, ಅದರಲ್ಲಿ ಬರುವ ಸುಡುಬೇಸಿಗೆ, ಮಳೆಗಾಲದ ಹೊಲ, ರೈತರ ಗುಡಿಸಲು ನಮ್ಮ ಸೀಮೆಯ ಓದುಗರಿಗೆ ಪರಸ್ಥಳದ್ದು ಅನಿಸುವುದಿಲ್ಲ.

ಈ ಪೋರ್ಚುಗೀಸ್ ಬರಹಗಳನ್ನು ಇಂಗ್ಲಿಷಿಗೆ ತಂದು 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಎಂದು ಪ್ರಕಟಿಸಿದ್ದು ಮದ್ರಾಸ್ ಸಿವಿಲ್ ಸರ್ವಿಸ್‌ನ ರಾಬರ್ಟ್ ಸಿವೆಲ್. ಅವನ ಉಪಕಾರ ದೊಡ್ಡದು. ಆದರೆ ಪುಸ್ತಕದ ತನ್ನ ಪಾಲಿನಲ್ಲಿ ಅವನು ಹೇಳುವುದು ದೊರೆಗಳ, ಯುದ್ಧಗಳ, ಒಂದು ಭೀಕರ ಕೊನೆಯ ಕಥೆ. ಆ ಕೊನೆಯೇ ಮುಂದಿನವರ ಕಣ್ಣಿಗೆ ಕಟ್ಟಿದ ಪಟ್ಟಿಯಾಯಿತು. ಆಲೂರು ವೆಂಕಟರಾಯರು 1905ರಲ್ಲಿ ಹಂಪಿಗೆ ಬಂದು ಆ ಹಾಳನ್ನು ಕಂಡು ತತ್ತರಿಸಿದರು. 1917ರ ‘ಕರ್ನಾಟಕ ಗತವೈಭವ’ದ ಹಿಂದೆ ಆ ಸಂಕಟವಿದೆ. ಅದು ಹಂಚಿಹೋಗಿದ್ದ ಕನ್ನಡಿಗರನ್ನು ಒಟ್ಟುಗೂಡಿಸಿತು ಎಂಬುದಕ್ಕೆ ನನ್ನ ಕೈ ಮುಗಿದ ಗೌರವವಿದೆ. ಆದರೂ ಗತವೈಭವಕ್ಕೆ ಅಳುವವರ ಕಣ್ಣಿಗೆ ಎದುರಿನ ಕಬ್ಬಿನ ಗದ್ದೆ ಬೀಳುವುದು ಕಷ್ಟ. ರಾಯರ ಕಾಲದ ಕಾಲುವೆಗಳಲ್ಲಿ ಕೆಲವು ಇಂದಿಗೂ ಹೊಸಪೇಟೆ, ಕಮಲಾಪುರ, ಕಂಪ್ಲಿಯ ಹೊಲಗದ್ದೆಗೆ ನೀರುಣಿಸುತ್ತವೆ. ತುರ್ತಾ ಕಾಲುವೆ, ಬಸವಣ್ಣ ಕಾಲುವೆ ಎಂದರೆ ಇಲ್ಲಿನ ರೈತರಿಗೆ ಇತಿಹಾಸವಲ್ಲ, ಈ ಬೆಳೆಯ ಪಾಳಿ. ಸಾಮ್ರಾಜ್ಯ ಸತ್ತರೂ ಅದರ ನೀರು ಸಾಯಲಿಲ್ಲ ಎಂಬ ಇಷ್ಟು ದೊಡ್ಡ ವಿಷಯವನ್ನು ಶೋಕದ ಪುಸ್ತಕಗಳು ದಾಟಿ ಹೋಗಿವೆ. 1917ರಲ್ಲೇ ಬಂದ ಲಾಂಗ್‌ಹರ್ಸ್ಟ್‌ನ ಹಂಪಿ ಕೈಪಿಡಿ ಗುಡಿಯಿಂದ ಗುಡಿಗೆ ದಾರಿ ತೋರಿಸುತ್ತದೆ. ಅಷ್ಟಕ್ಕೇ ಅದನ್ನು ಇಟ್ಟುಕೊಳ್ಳಬಹುದು.

ಫೋಟೋಗಳ ಪ್ರಶ್ನೆ ಇನ್ನೂ ಗಂಭೀರ. ಗ್ರೀನ್‌ಲಾನ ಚಿತ್ರಗಳು ಬಹುಪಾಲು ನಿರ್ಜನ. ಆ ಕಾಲದ ಕ್ಯಾಮೆರಾಗೆ ಬಹಳ ಹೊತ್ತು ಬೆಳಕು ಬೇಕಿತ್ತು, ಅಲುಗುವ ಮನುಷ್ಯರು ಅದರಲ್ಲಿ ಉಳಿಯುತ್ತಿರಲಿಲ್ಲ. ಅದು ಯಂತ್ರದ ಮಿತಿ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಜ್ ದಶಕಗಳ ಕಾಲ ನಡೆಸಿದ ಅಳತೆ, ನಕ್ಷೆಗಳ ಕೆಲಸದ ಜೊತೆ ಅವು ಸೇರಿಕೊಂಡವು. ಎರಡು ಕಾಲದ ಚಿತ್ರಗಳನ್ನು ಹೋಲಿಸಿ ಎಲ್ಲಿ ಕಂಬ ಬಿತ್ತು, ಎಲ್ಲಿ ಗೋಡೆ ಎದ್ದಿತು ಎಂದು ನೋಡುವುದು ಕಲಿಕೆಯೇ ಸರಿ. ಮಿಶೆಲ್ ಮತ್ತು ಫ್ರಿಟ್ಜ್ ಅವರಷ್ಟು ಶ್ರದ್ಧೆಯಿಂದ ಈ ಕಲ್ಲುಗಳನ್ನು ಎಣಿಸಿದವರು ವಿರಳ. ಆದರೆ ಗೋಲಿಂಗ್ಸ್ ಅವರಿಗೆ ಯಂತ್ರದ ಮಿತಿ ಇರಲಿಲ್ಲ, ಆದರೂ ಹಂಪಿ ಖಾಲಿಯಾಗಿಯೇ ಉಳಿಯಿತು. ಆ ಬಗೆಯ ಚಿತ್ರಗಳೇ ಪೋಸ್ಟ್‌ಕಾರ್ಡು, ಕ್ಯಾಲೆಂಡರು, ಪ್ರವಾಸೋದ್ಯಮದ ಫಲಕಗಳಾಗಿ ಹರಡಿದವು. ಹಂಪಿ ಎಂದರೆ ಜನರಿಲ್ಲದ ಊರು ಎಂಬುದು ಕಣ್ಣಿಗೆ ರೂಢಿಯಾಯಿತು.

2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರ ಮನೆ, ಅಂಗಡಿಗಳನ್ನು ಜೆಸಿಬಿ ತಂದು ಕೆಡವಿದರು. ಸ್ಮಾರಕ ರಕ್ಷಣೆಗೆ ಕಾನೂನಿನ ಕಾರಣಗಳಿದ್ದವು, ಮಂಟಪಗಳಿಗೆ ಸಿಮೆಂಟು ಮೆತ್ತಿದ್ದೂ ನಿಜ. ಇದಕ್ಕೆ ಫೋಟೋಗಳೇ ಹೊಣೆ ಎಂದು ನಾನು ಹೇಳುವುದಿಲ್ಲ. ಆದರೆ ಬಜಾರು ಎಂದೇ ಕಟ್ಟಿದ ಬೀದಿಯಲ್ಲಿ ಬಾಳೆಹಣ್ಣು ಮಾರುವುದು ಅತಿಕ್ರಮಣ, ಬೀದಿ ಬಣಬಣ ಎನ್ನುವುದೇ ಅದರ ಸಹಜ ಸ್ಥಿತಿ ಎಂದು ಅಷ್ಟು ಜನ ವಿದ್ಯಾವಂತರಿಗೆ ಅನ್ನಿಸಿತಲ್ಲ, ಆ ಅನ್ನಿಸಿಕೆ ಬೆಳೆದದ್ದು ಒಂದೂವರೆ ಶತಮಾನ ನೋಡಿದ ಖಾಲಿ ಚಿತ್ರಗಳಲ್ಲಿ. ಪಾಯೆಸ್ ಓದಿದವರಿಗೆ ಹಾಗೆ ಅನ್ನಿಸಲು ಸಾಧ್ಯವಿಲ್ಲ.

ಬಿಸಿಲಿನ ನಾಡನ್ನು ಬೇರೆ ಥರ ಕಂಡವರೂ ಇದ್ದಾರೆ. 1888ರಲ್ಲಿ ಚಿತ್ರಕಾರ ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣಕ್ಕೆ ಬಂದ. ಅಲ್ಲಿ ರೋಮನ್ನರ ಕಾಲದ ದೊಡ್ಡ ಕಲ್ಲಿನ ಅಖಾಡವಿದೆ. ವ್ಯಾನ್ ಗೋ ಅದನ್ನು ಚಿತ್ರಿಸಿದ್ದು ಒಳಗೆ ಕಿಕ್ಕಿರಿದ ಜನಜಂಗುಳಿಯಾಗಿ. ಕಟ್ಟಡ ಹಿಂದೆ ಸರಿದಿದೆ. ಉಳಿದಂತೆ ಅವನು ಬಿಡಿಸಿದ್ದು ಬೀಜ ಎರಚುವ ರೈತನನ್ನು, ಅಂಚೆ ಕೆಲಸದ ಗೆಳೆಯನನ್ನು, ಅವನ ಹೆಂಡತಿ ಮಕ್ಕಳನ್ನು. ಆರ್ಲ್‌ನ ಬಿಸಿಲು ಜಗತ್ತಿಗೆ ಗೊತ್ತಾದದ್ದು ಆ ರೈತನ ಮೈಮೇಲೆ ಬಿದ್ದು. ಹಂಪಿಯ ಬಿಸಿಲು ಇನ್ನೂ ಬಂಡೆಯ ಮೇಲೇ ಇದೆ.

ಇನ್ನು ಕಥೆ, ನಾಟಕಗಳ ಮಾತು. ಸಲ್ಮಾನ್ ರಶ್ದಿಯವರ ‘ವಿಕ್ಟರಿ ಸಿಟಿ’ 2023ರಲ್ಲಿ ಬಂತು. ಪಂಪಾ ಕಂಪನ ಎಂಬ ಹೆಣ್ಣು ಕೊಟ್ಟ ಬೀಜಗಳನ್ನು ದನ ಕಾಯುವ ಅಣ್ಣತಮ್ಮಂದಿರು ಬಿತ್ತಿ ಊರು ಬೆಳೆಸುತ್ತಾರೆ, ಅವಳು ಇನ್ನೂರ ನಲವತ್ತೇಳು ವರ್ಷ ಬದುಕಿ ಅದರ ಕಥೆ ಬರೆದು ಮಡಕೆಯಲ್ಲಿ ಹೂಳುತ್ತಾಳೆ. ಚರಿತ್ರೆ ಬರೆಯುವ ಹಕ್ಕನ್ನು ಹೆಣ್ಣಿಗೆ ಕೊಟ್ಟದ್ದು ಒಪ್ಪತಕ್ಕ ಮಾತು. ಆದರೆ ಬೀಜ ಎರಚಿದರೆ ಊರು ಏಳುತ್ತದೆ ಎನ್ನುವ ಕಥೆಯಲ್ಲಿ ಪಾಯೆಸ್ ಕಂಡ ಕೆರೆಯ ಏರಿಯ ಮೇಲಿನ ಸಾವಿರಾರು ಜನ ಎಲ್ಲಿ ಹೋದರು? ಕಾದಂಬರಿ ಲೀಲೆಯಾಗಿ ಗೆಲ್ಲುತ್ತದೆ, ಊರಾಗಿ ಗೆಲ್ಲುವುದಿಲ್ಲ. ಗಿರೀಶ ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ (2018) ಇದಕ್ಕಿಂತ ಗಟ್ಟಿ. ಅಧಿಕಾರವೆಲ್ಲ ಕೈಯಲ್ಲಿದ್ದರೂ ಸಿಂಹಾಸನದ ರಕ್ತ ತನ್ನದಲ್ಲ ಎಂಬ ಅಳಿಯ ರಾಮರಾಯನ ಕೊರಗಿನಲ್ಲಿ ಕಾರ್ನಾಡರು 1565ರ ಪತನದ ಬೇರನ್ನು ಕಂಡರು. ವಿಜಯನಗರದವರನ್ನೂ ಸುಲ್ತಾನರನ್ನೂ ಪರಸ್ಪರ ಬಲ್ಲ, ಒಬ್ಬರೊಡನೊಬ್ಬರು ವ್ಯವಹರಿಸಿದ ದಖ್ಖನಿನ ಮಂದಿಯಾಗಿ ತೋರಿಸಿದರು. ಇಲ್ಲಿಯೂ ಬೀದಿ ಕಡಿಮೆ, ಅರಮನೆ ಹೆಚ್ಚು. ಆದರೆ ಮನುಷ್ಯರಂತೂ ಇದ್ದಾರೆ.

ನಮ್ಮ ಊರಿನ ಮಗ್ಗುಲಿನ ಗುಡ್ಡಗಳ ಬಗ್ಗೆ ಯಾರು ಬರೆದರು ಎಂದು ನೋಡಿದರೆ, ರಾಬರ್ಟ್ ಬ್ರೂಸ್ ಫೂಟ್. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ದೊಡ್ಡ ಪುಸ್ತಕ ಹೊರತಂದ ಆತ ಸಂಡೂರಿನ ಕಬ್ಬಿಣದ ಅದಿರಿನ ಸಿರಿಯನ್ನು ವಿವರವಾಗಿ ದಾಖಲಿಸಿದ. ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ ತಿರುಗಿದವನ ಬರಹ ಅದು. ಗುಡ್ಡದ ಏರು, ಕಲ್ಲಿನ ಪದರ ಓದುಗರ ಪಾದಕ್ಕೆ ತಾಕುತ್ತವೆ. ನೂರು ವರ್ಷದ ಮೇಲೆ ಆ ಅದಿರೇ ಲಾರಿ ಏರಿತು. ಹೊಸಪೇಟೆ, ಸಂಡೂರು ರಸ್ತೆಗಳ ಮರ, ಸೂರು, ಒಣಹಾಕಿದ ಬಟ್ಟೆ ಎಲ್ಲ ಕೆಂಪಾದ ಆ ವರ್ಷಗಳನ್ನು ಇಲ್ಲಿ ಬದುಕಿದವರು ಮರೆಯಲಾರರು. ಹಂಪಿ ಬಜಾರು ಕೆಡವಿದ ಅದೇ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಸಲ್ಲಿಕೆಯಾಯಿತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಒಂದೇ ತಿಂಗಳಲ್ಲಿ ಈ ಸೀಮೆಯ ಎರಡು ಬಗೆಯ ಹೊಟ್ಟೆಪಾಡು ನಿಂತುಹೋಯಿತು. ಆ ತಿಂಗಳಿನಷ್ಟು ದೊಡ್ಡ ಕಾದಂಬರಿಯ ವಸ್ತು ಕನ್ನಡದಲ್ಲಿ ಇನ್ನೊಂದಿದೆಯೆಂದು ನನಗೆ ತೋರುವುದಿಲ್ಲ. ಹಂಪಿಯ ಪುಸ್ತಕದ ಕಪಾಟಿನಲ್ಲಿ ಕೆಂಪು ಧೂಳಿನ ಪುಸ್ತಕಕ್ಕೂ ಜಾಗವಿರಬೇಕು.

ಇದನ್ನೆಲ್ಲ ಹೇಳುವಾಗ ಹಂಪಿ ತಾನೇ ಬರೆದುಕೊಂಡದ್ದನ್ನು ಮರೆಯಬಾರದು. ಮಹಾನವಮಿ ದಿಬ್ಬದ ಪಟ್ಟಿಗಳಲ್ಲಿ ಬೇಟೆಗಾರರು, ಕುಸ್ತಿಯವರು, ಕುಣಿಯುವ ಹೆಂಗಸರು, ಕುದುರೆ ಹಿಡಿದ ಪರದೇಶಿಗಳು ಸಾಲುಗಟ್ಟಿದ್ದಾರೆ. ವಿರೂಪಾಕ್ಷನ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಇದೆ. ಕತ್ತೆತ್ತಿ ಸ್ವಲ್ಪ ಹೊತ್ತು ನಿಂತರೆ ಕಣ್ಣು ಯತಿಗಳಿಂದ ಜಾರಿ ದಂಡಿಗೆ ಹೊತ್ತ ಹೆಗಲುಗಳಿಗೆ ಬರುತ್ತದೆ. ಚಿತ್ರ ಬರೆದವನು ಆ ಹೊರುವವರನ್ನು ಬಿಟ್ಟಿಲ್ಲ, ಕಾಲು ಮುಂದಿಟ್ಟು ನಡೆಯುವಂತೆ ಬರೆದಿದ್ದಾನೆ. ಆಧುನಿಕ ಕ್ಯಾಮೆರಾಗಳಿಗಿಂತ ಆ ಕುಂಚಕ್ಕೆ ಹೆಚ್ಚು ಜನ ಗೊತ್ತಿದ್ದರು.

ಕುಂತಲ್ಲೇ ದೇಶ ಸುತ್ತುವ ರೂಢಿ ನಮ್ಮ ಸೀಮೆಗೆ ಪುಸ್ತಕದಿಂದ ಬಂದದ್ದೂ ಅಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ, 2014ರಲ್ಲಿ ತೀರಿಕೊಂಡ ಬುರ್ರಕಥಾ ಈರಮ್ಮ, ಅಕ್ಷರ ಕಲಿಯದೆಯೇ ಮಹಾಕಾವ್ಯಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ತಂಬೂರಿ ಮೀಟಿ ಅವರು ಕುಮಾರರಾಮನ ಕಥೆ ಎತ್ತಿದರೆ ಕೇಳುವವರು ನೆಲಕ್ಕೆ ಕೂತಲ್ಲಿಂದಲೇ ಕಂಪ್ಲಿ, ಕುಮ್ಮಟದುರ್ಗ ಸುತ್ತುತ್ತಿದ್ದರು. ಅಲ್ಲಿ ಹಾಳು ಊರಿಲ್ಲ, ಶೋಕವಿಲ್ಲ. ಕೋಟೆಯೊಳಗೆ ಮಂದಿ ಉಣ್ಣುತ್ತಾರೆ, ಜಗಳವಾಡುತ್ತಾರೆ, ಹಟ ಹಿಡಿಯುತ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಾವ್ಯಗಳನ್ನು ಅಚ್ಚಿಗೆ ತಂದದ್ದು ಆ ಸಂಸ್ಥೆ ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು. ಆದರೆ ಅಚ್ಚಿನಲ್ಲಿ ದನಿ ಇಲ್ಲ, ಕೇಳುಗರ ಹೂಂಗುಟ್ಟುವಿಕೆ ಇಲ್ಲ, ಕನ್ನಡದಿಂದ ತೆಲುಗಿಗೆ ಹೊರಳುವ ಆ ಸಲೀಸು ಅರ್ಧವೇ ಉಳಿದಿದೆ.

ಇದೇ ನೆಲದ ವಿದ್ವಾಂಸ ಸಿ.ಟಿ.ಎಂ. ಕೊಟ್ರಯ್ಯನವರು ವಿಜಯನಗರ ಕಾಲದ ಕನ್ನಡ ಕಾವ್ಯಗಳಿಂದ ಪೇಟೆ, ಅಡುಗೆ, ಉಡುಗೆ, ಅರಮನೆಯ ವಿವರಗಳನ್ನು ಹೆಕ್ಕಿ ತೆಗೆದರು. ಅನ್ನಾ ದಲ್ಲಾಪಿಕೋಲಾ ಅವರ ಸಂಪಾದನೆಯಲ್ಲಿ 2003ರಲ್ಲಿ ಅದು ಇಂಗ್ಲಿಷ್ ಪುಸ್ತಕವಾಯಿತು. ಪಾಯೆಸ್‌ನ ಪಕ್ಕ ಇಟ್ಟು ಓದಬೇಕಾದ ಪುಸ್ತಕ ಅದು. ಪರದೇಶಿ ಕಂಡ ಸಂತೆಯನ್ನು ಊರಿನ ಕವಿ ಹೇಗೆ ಕಂಡ ಎಂಬುದು ಅಲ್ಲಿ ಸಿಗುತ್ತದೆ. ಕಮಲಾಪುರ, ಕಂಪ್ಲಿ, ಪಿ.ಕೆ. ಹಳ್ಳಿಯಂಥ ಊರುಗಳ ಪಂಚಾಯಿತಿ ಗ್ರಂಥಾಲಯಗಳಿಗೆ ಬೇಕಿರುವುದು ಇವು: ಪಾಯೆಸ್‌ನ ಕೆರೆಯ ಪುಟಗಳು, ಕೊಟ್ರಯ್ಯನವರು ಹೆಕ್ಕಿದ ಕಾವ್ಯಭಾಗಗಳು, ಗ್ರೀನ್‌ಲಾನ ರಥ, ಈರಮ್ಮನವರ ಹಾಡಿನ ಧ್ವನಿಮುದ್ರಣ. ಕೈಗೆಟುಕುವ ಬೆಲೆಯಲ್ಲಿ, ಕನ್ನಡದಲ್ಲಿ, ಇಲ್ಲಿನ ಮಕ್ಕಳ ಕೈ ಸೇರುವಂತೆ. ಹೊಳಪು ಕಾಗದದ ಇನ್ನೊಂದು ಖಾಲಿ ಹಂಪಿಯ ಆಲ್ಬಮ್‌ಗೆ ಹಾಕುವ ದುಡ್ಡಿನಲ್ಲೇ ಈ ಕೆಲಸ ಆಗುತ್ತದೆ.