‘ಬಲಿತ’ ಎಂಬ ಬೈಗುಳ

‘ಬಲಿತ ದಲಿತ’ ಎಂಬ ಮಾತು ಚಳವಳಿಯ ಒಳಗೂ ಹೊರಗೂ ಸಲೀಸಾಗಿ ಓಡಾಡುತ್ತಿದೆ. ಪ್ರಾಸ ಚೆನ್ನಾಗಿರುವುದರಿಂದ ಯಾರೂ ಅದನ್ನು ತಡೆದು ಕೇಳಿಲ್ಲವೇನೋ ಎಂಬುದು ನನ್ನ ಗುಮಾನಿ.

ಪ್ರಾಸ ಒಂದೇ ಆದರೂ ಹುಟ್ಟು ಬೇರೆ. ‘ದಲಿತ’ ಸಂಸ್ಕೃತದ್ದು: ಒಡೆದ, ಸೀಳಿದ. ಚಳವಳಿ ಅದಕ್ಕೆ ತುಂಬಿದ ಅರ್ಥದಲ್ಲಿ ತುಳಿದವನೊಬ್ಬ ಮರೆಯಲ್ಲಿ ನಿಂತೇ ಇದ್ದಾನೆ. ‘ಬಲಿತ’ ಅಚ್ಚಗನ್ನಡದ್ದು. ಬಲಿ ಕೊಡುವ ‘ಬಲಿ’ಗೂ ಇದಕ್ಕೂ ಸಂಬಂಧವಿಲ್ಲ. ತೆನೆ ಬಲಿಯುತ್ತೆ, ಕೂಸಿನ ಮೂಳೆ ಬಲಿಯುತ್ತೆ. ಬಲಿಯುವ ಕೆಲಸದ ಕರ್ತೃ ಬಲಿತದ್ದೇ.

ಸರ್ಕಾರಿ ಕಡತದ ‘ಸಬಲೀಕರಣ’ ಹಾಗಲ್ಲ. ಅಲ್ಲಿ ಬಲಗೊಳಿಸುವವರು ಬೇರೆ, ಬಲಗೊಳ್ಳಬೇಕಾದವರು ಬೇರೆ. 2001ನ್ನು ಭಾರತ ಸರ್ಕಾರ ಮಹಿಳಾ ಸಬಲೀಕರಣ ವರ್ಷವೆಂದು ಸಾರಿದಾಗ ಕರ್ತೃವಿನ ಜಾಗದಲ್ಲಿ ಕೂತದ್ದು ಸರ್ಕಾರವೇ. ಅದಕ್ಕಿಂತ ಎಷ್ಟೋ ಸ್ವಾಭಿಮಾನದ ಪದ ‘ಬಲಿ’. ಅದು ನಮ್ಮ ಹೆಸರಿಗೆ ಅಂಟಿದಾಗ ಮಾತ್ರ ಬೈಗುಳವಾದದ್ದು ಹೇಗೆ? ‘ಬಲಿತ ಬ್ರಾಹ್ಮಣ’, ‘ಬಲಿತ ಒಕ್ಕಲಿಗ’ ಅಂತ ಯಾರಾದರೂ ಮೂದಲಿಸಿದ್ದನ್ನು ನಾನಂತೂ ಕೇಳಿಲ್ಲ. ಅವರು ಬಲಿಯುವುದು ಸಹಜ, ನಾವು ಬಲಿತರೆ ಕಳವು ಎಂಬ ನಂಬಿಕೆ ಈ ಪ್ರಾಸದ ತಳದಲ್ಲಿದೆ.

ಇದು ಬರೀ ಪದದ ಜಗಳವಲ್ಲ. 2024ರ ಆಗಸ್ಟ್ 1ರಂದು ಒಳಮೀಸಲಾತಿಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠದಲ್ಲಿ 4 ಮಂದಿ ಪರಿಶಿಷ್ಟರಲ್ಲೂ ಕೆನೆಪದರ ಗುರುತಿಸಬೇಕೆಂದರು. ಒಳಮೀಸಲಾತಿ ನಮ್ಮೊಳಗಿನ ಹಂಚಿಕೆಯ ನ್ಯಾಯ, ಅದು ಬೇಕು. ಕೆನೆಪದರದ ಮಾತೇ ಬೇರೆ. ಬಾಡಿಗೆ ಮನೆಯ ಯಜಮಾನರು ಸಂಬಳ ಎಷ್ಟೆಂದು ತಿಳಿದ ಮೇಲೂ ‘ನೀವು ಯಾವ ಜನ?’ ಅಂತಲೇ ಕೇಳೋದು. ಸಂಬಳ ಬಲಿತ ಮಾತ್ರಕ್ಕೆ ಜಾತಿ ಸಡಿಲವಾಗಲ್ಲ.

ಹಾಗಾದರೆ ನೌಕರಿ ಹಿಡಿದು ಕೇರಿಯನ್ನೇ ಮರೆತವರನ್ನು ಏನೂ ಅನ್ನಬಾರದೆ? ಖಂಡಿತ ಅನ್ನಬೇಕು. 1956ರಲ್ಲಿ ಆಗ್ರಾದಲ್ಲಿ ಅಂಬೇಡ್ಕರ್ ಓದಿದವರ ಬಗ್ಗೆ ನೊಂದು ಮಾತಾಡಿದರು. ಅವರು ನೊಂದದ್ದು ಆ ಜನ ಓದಿದರೆಂದಲ್ಲ, ಓದಿ ತಿರುಗಿ ನೋಡಲಿಲ್ಲವೆಂದು. ಅಂಥವರಿಗೆ ‘ಮರೆತ ದಲಿತ’ ಅನ್ನೋಣ. ತಪ್ಪು ಮರೆವಿನದು, ಬಲದ್ದಲ್ಲ. ಬಲವನ್ನೇ ಬೈದರೆ ನಾಳೆ ಹಾಸ್ಟೆಲಿನಲ್ಲಿ ಓದುತ್ತಿರುವ ಹುಡುಗಿಗೆ ನಾವು ಕೊಡುವ ಸಂದೇಶ ಯಾವುದು?

ಬಲಿತ ಬೆಂಡೆಕಾಯಿ ಸಾರಿಗೆ ಬಾರದು, ನಿಜ. ಆದರೆ ಮುಂದಿನ ಬಿತ್ತನೆಗೆ ಬೀಜ ಸಿಗೋದು ಅದರಲ್ಲೇ.